ಕರೆಂಟ್ ಕೊಡುವ ಕೋಣೆಗೆ ಬಂದ ಮೊಣಕಾಲುಗಳು

ನಮ್ಮ ಕೋಣೆಯ ಬಾಗಿಲ ಮೇಲೆ 'ಭೌತಚಿಕಿತ್ಸಾ ವಿಭಾಗ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನನ್ನ ಇಡೀ ನೌಕರಿಯಲ್ಲಿ ಆ ಫಲಕವನ್ನು ಓದಿಕೊಂಡು ಒಳಗೆ ಬಂದ ಒಬ್ಬ ರೋಗಿಯನ್ನೂ ನಾನು ಕಂಡಿಲ್ಲ. "ಕರೆಂಟ್ ಕೊಡೂ ಖೋಲಿ ಯಾವುದ್ರಿ?" ಎಂದು ಕೇಳಿಕೊಂಡೇ ಎಲ್ಲರೂ ಬರುತ್ತಿದ್ದರು. ನೋವಿದ್ದ ಜಾಗಕ್ಕೆ ಯಂತ್ರದಿಂದ ಹದವಾದ ವಿದ್ಯುತ್ ಹಾಯಿಸುತ್ತಿದ್ದ ನಾನು ಅವರಿಗೆ ಕರೆಂಟ್ ಡಾಕ್ಟರ್. ಒಮ್ಮೆ ಒಬ್ಬ ಅಜ್ಜಿ ಚಿಕಿತ್ಸೆಯೆಲ್ಲ ಮುಗಿದ ಮೇಲೆ, ತನ್ನ ಮನೆಯ ಮೀಟರ್ ಕೆಟ್ಟಿದೆ, ಬಿಡುವಾದಾಗ ಬಂದು ನೋಡಿ ಹೋಗಬೇಕು ಎಂದು ಕೇಳಿಕೊಂಡಿದ್ದಳು.

ಫಿಜಿಯೋಥೆರಪಿ ಕಲಿತು ಈಗಷ್ಟೇ ಕೆಲಸಕ್ಕೆ ಸೇರುವವರು, ಕೊಪ್ಪಳ ಸೀಮೆಯಲ್ಲಿ ಎಂಥ ಕೇಸು ಹೆಚ್ಚು ಎಂದು ನನ್ನನ್ನು ಕೇಳುತ್ತಾರೆ. ಪಾರ್ಶ್ವವಾಯು ಬರುತ್ತದೆ, ಮುರಿದ ಕೈ ಬರುತ್ತದೆ, ಹಿಡಿದ ಕುತ್ತಿಗೆ ಬರುತ್ತದೆ. ಆದರೆ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಬೆಂಚಿನ ಮೇಲೆ ಸಾಲಾಗಿ ಕಾಯುತ್ತಿರುವುದು ಅರವತ್ತು ದಾಟಿದ ಮೊಣಕಾಲುಗಳು. ಪುಸ್ತಕದಲ್ಲಿ ಅದಕ್ಕೆ ಆಸ್ಟಿಯೋ ಆರ್ಥ್ರೈಟಿಸ್ ಎಂದು ಹೆಸರು. ಬೆಂಚಿನ ಮೇಲೆ ಅದರ ಹೆಸರು 'ಮೊಣಕಾಲು ಹಿಡದೈತಿ'. ನಾನು ಹೇಳಹೊರಟಿರುವುದು ಅವರ ಕಥೆಯನ್ನೇ. ನನಗೆ ಬಂದ ಬಡ್ತಿಗಳನ್ನು ನನ್ನ ಹೆಂಡತಿಯೇ ಮರೆತಿದ್ದಾಳೆ, ನಿಮಗೇಕೆ ಅದರ ಉಸಾಬರಿ? ಯಾವ ಊರಿನ ಆಸ್ಪತ್ರೆ ಎಂಬುದನ್ನೂ ಕೇಳಬೇಡಿ. ಅಲ್ಲಿ ಈಗಲೂ ನನ್ನ ಗೆಳೆಯರಿದ್ದಾರೆ.

ಮೊದಲು ನನ್ನ ಅತಿ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ.

ಶ್ರೀರಾಮನಗರದಿಂದ ಸತ್ತೆಮ್ಮ ಎಂಬ ಹೆಂಗಸು ಬಂದಿದ್ದಳು. ಕಾಲುವೆ ಸೀಮೆಯ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ಒಂದು ಗುಂಪಿಗೆ ಅವಳೇ ಯಜಮಾನಿ. ಗಟ್ಟಿ ಆಳು, ಅದಕ್ಕಿಂತ ಗಟ್ಟಿ ದನಿ. ಬೆಳಿಗ್ಗೆ ಎದ್ದಾಗ ಮೊಣಕಾಲು ಕೊಂಚ ಹೊತ್ತು ಬಿಗಿದುಕೊಳ್ಳುತ್ತದೆ, ಕೆಸರಿನಲ್ಲಿ ಬಗ್ಗಿ ನಿಂತರೆ ಸಂಜೆಗೆ ಬಾವು ಬರುತ್ತದೆ ಎಂದಳು. ನಾನು ಆಗ ಹೊಸಬ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿಳಿಯುವಂತೆ ಹೇಳುತ್ತೇನೆಂಬ ಹುರುಪಿನಲ್ಲಿ ಹೇಳಿದೆ:

"ಎರಡು ಎಲುಬಿನ ನಡುವ ಮೆತ್ತಗಿನ ಪದರ ಇರತೈತಿ ಅವ್ವಾ. ಅದು ಸವದೈತಿ. ಚಪ್ಪಲಿ ಸವೀತಾವಲ್ಲ, ಹಂಗ."

ಸತ್ತೆಮ್ಮ ಬಾಗಿಲಾಚೆ ಬಿಟ್ಟಿದ್ದ ತನ್ನ ಚಪ್ಪಲಿಗಳನ್ನು ಒಮ್ಮೆ ತಿರುಗಿ ನೋಡಿದಳು. "ಇನ್ನ ಎಷ್ಟು ಉಳದೈತ್ರಿ?" ಎಂದು ಕೇಳಿದಳು.

"ಸ್ವಲ್ಪ ಉಳದೈತಿ. ಹುಷಾರಾಗಿರ್ರಿ," ಎಂದೆ.

ಹತ್ತು ದಿನ ಕರೆಂಟ್ ಕೊಟ್ಟೆ, ಅವಳು ಹೋದಳು. ಒಳ್ಳೆಯ ಉದಾಹರಣೆ ಕೊಟ್ಟೆನೆಂದು ನನಗೆ ನನ್ನ ಮೇಲೆಯೇ ಮೆಚ್ಚುಗೆ. ಆಮೇಲೆ ಎಷ್ಟು ಜನರಿಗೆ ಆ ಚಪ್ಪಲಿಯ ಮಾತನ್ನು ಹೇಳಿದೆನೋ ಲೆಕ್ಕವಿಲ್ಲ.

ಎಂಟು ತಿಂಗಳ ನಂತರ ಶ್ರೀರಾಮನಗರದಲ್ಲಿ ಆರೋಗ್ಯ ಶಿಬಿರ ನಡೆಯಿತು. ಸತ್ತೆಮ್ಮನ ಸೊಸೆ ಲಕ್ಷ್ಮಿ ಶಿಬಿರಕ್ಕೆ ಬಂದವಳು, "ಅತ್ತಿ ನಿಮ್ಮನ್ನ ಭಾಳ ನೆನಸ್ತಾರ್ರಿ ಸರ, ಮನಿಗೆ ಬಂದು ಹೋಗ್ರಿ," ಎಂದು ಕರೆದಳು. ಹೊಗಳಿಸಿಕೊಳ್ಳಲು ಹೊರಟವನಂತೆ ಖುಷಿಯಿಂದಲೇ ಹೋದೆ.

ಪಡಸಾಲೆಯಲ್ಲಿ ಮಂಚದ ಮೇಲೆ ಸತ್ತೆಮ್ಮ ಮಲಗಿದ್ದಳು. ನನ್ನನ್ನು ಕಂಡು ಮುಖ ಅರಳಿತು.

"ಬರ್ರಿ ಸರ. ನೀವು ಹೇಳಿದಂಗ ಮಾಡೀನಿ ನೋಡ್ರಿ. ಪೂರಾ ಉಳಿಸಿಕೊಂಡೀನಿ."

"ಏನ ಉಳಿಸಿಕೊಂಡೀರಿ?"

"ಅದೇರಿ, ಆ ಮೆತ್ತಗಿಂದು. ಸ್ವಲ್ಪ ಉಳದೈತಿ ಅಂದಿದ್ರಲ್ಲ. ಒಂದು ಹೆಜ್ಜಿನೂ ದಂಡ ಮಾಡಿಲ್ರಿ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆ ಹೆಂಗಸು ಎಂಟು ತಿಂಗಳು ನಡೆಯುವುದನ್ನೇ ಬಿಟ್ಟಿದ್ದಳು. ಬಚ್ಚಲಿಗೆ ಹೋಗಬೇಕಾದರೆ ಮಾತ್ರ ಸೊಸೆಯ ಹೆಗಲು ಹಿಡಿದು ಏಳುವುದು, ಬಂದು ಮತ್ತೆ ಮಲಗುವುದು. ಸೀರೆ ಸರಿಸಿ ಕಾಲು ನೋಡಿದೆ. ಗದ್ದೆಯಲ್ಲಿ ದಿನವಿಡೀ ನಿಲ್ಲುತ್ತಿದ್ದವಳ ತೊಡೆಯ ಮಾಂಸವೆಲ್ಲ ಇಳಿದುಹೋಗಿತ್ತು. ಮೊಣಕಾಲು ಮಾತ್ರ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಬಡಿವಾರದಿಂದ ಬಂದ ನಾನು, ಏನೋ ಕೆಲಸವಿದೆ ಎಂದು ಸುಳ್ಳು ಹೇಳಿ ಚಹಾ ಕೂಡ ಕುಡಿಯದೆ ಅಲ್ಲಿಂದ ಕಾಲ್ಕಿತ್ತೆ.

ಮರುದಿನ ನಮ್ಮ ಮೇಲಧಿಕಾರಿ, ಮೂಳೆ ಡಾಕ್ಟರ್ ವಿಮಲಾ ಮೇಡಂ ಅವರ ಮುಂದೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಬೈಸಿಕೊಂಡರೆ ಹಗುರಾಗುತ್ತೇನೆ ಎಂಬ ಆಸೆ. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ.

"ಅದನ್ನ ನನಗ್ಯಾಕ ಹೇಳ್ತೀರಿ? ಆಕಿ ಮುಂದ ಹೇಳ್ರಿ."

ಭಾನುವಾರ ಬಸ್ಸು ಹತ್ತಿದೆ. ಮಂಚದ ಪಕ್ಕ ಕುಳಿತು, ನಾನು ಹೇಳಿದ್ದು ತಪ್ಪು ಎಂದೆ. ಕಾಲು ಚಪ್ಪಲಿಯಲ್ಲ, ಅದಕ್ಕೆ ಜೀವವಿದೆ. ನಡೆದಾಡಿದರೇ ಕೀಲಿಗೆ ಒಳಗೊಳಗೆ ಪೋಷಣೆ ಸಿಗುವುದು. ತೊಡೆಯ ಮಾಂಸ ಗಟ್ಟಿ ಇದ್ದರೆ ಅರ್ಧ ಭಾರವನ್ನು ಅದೇ ಹೊರುತ್ತದೆ, ಮಲಗಿದರೆ ಅದು ಕರಗಿ ಎಲ್ಲ ಭಾರವೂ ಮೊಣಕಾಲ ಮೇಲೆ ಬೀಳುತ್ತದೆ. ಹೀಗೆ ಹೇಳುತ್ತಾ ಹೋದೆ.

ಅವಳು ಪೂರ್ತಿ ಕೇಳಿಸಿಕೊಂಡಳು. "ಹಂಗಾದ್ರ ಎಂಟು ತಿಂಗಳು ನಾ ಯಾಕ ಮಲಗಿದ್ನಿ?"

"ನನ್ನ ಮಾತಿಗೆ, ಅವ್ವಾ."

ಅವಳು ಗೋಡೆಯ ಕಡೆ ಹೊರಳಿದಳು. ಲಕ್ಷ್ಮಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಹೊರಡಲೆಂದು ಚೀಲ ಎತ್ತಿಕೊಂಡೆ. ಗೋಡೆಯ ಕಡೆಯಿಂದಲೇ ದನಿ ಬಂತು:

"ಲಕ್ಷ್ಮೀ, ಸರಗ ಚಾ ಮಾಡು. ಹೋದ ಸಲ ಕುಡೀದ ಹೋಗ್ಯಾರ."

ಅಂದೇ ಶುರು ಮಾಡಿದೆವು. ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಅದನ್ನು ಮಂಚಕ್ಕೆ ಒತ್ತುವುದು, ಐದು ಎಣಿಸಿ ಬಿಡುವುದು. ಸತ್ತೆಮ್ಮ ತನ್ನ ಮನೆಮಾತು ತೆಲುಗಿನಲ್ಲಿ ಎಣಿಸುತ್ತಿದ್ದಳು, ಒಕಟಿ, ರೆಂಡು, ಮೂಡು; ನೋವು ಹೆಚ್ಚಾದರೆ ನಾಲ್ಕನ್ನು ಬಿಟ್ಟು ನೇರ ಐದಕ್ಕೆ ಹೋಗುತ್ತಿದ್ದಳು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಡಿಸಿ ಎತ್ತರ ಮಾಡಿದೆ, ಕೈ ಊರದೆ ಏಳುವುದು ಸುಲಭವಾಗಲಿ ಎಂದು. ಕೆಲವು ವಾರಗಳಲ್ಲಿ ಅಂಗಳದವರೆಗೆ, ಆಮೇಲೆ ಪಕ್ಕದ ಮನೆಯವರೆಗೆ, ಬೇಸಿಗೆ ಮುಗಿಯುವಷ್ಟರಲ್ಲಿ ಕಾಲುವೆಯ ಏರಿಯವರೆಗೆ. ಆ ವರ್ಷ ಸಸಿ ಹಚ್ಚುವ ಹೊತ್ತಿಗೆ ಅವಳು ಗುಂಪಿನ ಜೊತೆ ಗದ್ದೆಗೆ ಹೋದಳು. ಕೆಸರಿಗೆ ಇಳಿಯಲಿಲ್ಲ. ದಿನವಿಡೀ ಬಗ್ಗಿ ಹಿಂದೆ ಹಿಂದೆ ಸರಿಯುವ ಕೆಲಸ ಆ ಮೊಣಕಾಲಿಗೆ ಇನ್ನು ಆಗುವಂತಿರಲಿಲ್ಲ. ಅದನ್ನು ನಾನೂ ಹೇಳಿದೆ, ಅವಳಿಗೂ ಗೊತ್ತಿತ್ತು. ಬದುವಿನ ಮೇಲೆ ನಿಂತು ಸಸಿಯ ಕಟ್ಟುಗಳನ್ನು ಎಸೆದುಕೊಡುತ್ತಾ ಎಲ್ಲರಿಗೂ ಜೋರು ಮಾಡುತ್ತಿದ್ದಳಂತೆ.

ನನ್ನನ್ನು ಅವಳು ಕ್ಷಮಿಸಿದಳೋ ಇಲ್ಲವೋ ತಿಳಿಯದು. ಆಸ್ಪತ್ರೆಗೆ ಬಂದಾಗಲೆಲ್ಲ ಬೆಂಚಿನ ಮೇಲಿನವರಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದಳು: "ಇವರು ಭಾಳ ಛಲೋ ಸರ. ನನ್ನ ಎಂಟು ತಿಂಗಳು ಮಲಗಿಸಿದ್ರು." ಆಮೇಲೆ ನಾನು ಯಾವ ರೋಗಿಗೂ 'ಸವೆದಿದೆ' ಎಂಬ ಮಾತನ್ನು ಹೇಳಿಲ್ಲ. ನೀವೂ ಹೇಳಬೇಡಿ. ಎಕ್ಸ್‌ರೇ ಚಿತ್ರದಲ್ಲಿ ಕೀಲು ಹಾಳಾಗಿ ಕಂಡರೂ ಬೆಟ್ಟ ಹತ್ತಿ ಬರುವವರಿದ್ದಾರೆ, ಚಿತ್ರ ಚೆನ್ನಾಗಿದ್ದರೂ ನೋವಿನಿಂದ ಅಳುವವರಿದ್ದಾರೆ.

ಇಷ್ಟಾದರೂ ಕರೆಂಟಿನ ಮೇಲಿನ ನನ್ನ ನಂಬಿಕೆ ಹೋಗಿರಲಿಲ್ಲ. ಅದನ್ನು ಬಿಡಿಸಿದ್ದು ಯಂತ್ರವೇ. ಒಂದು ದಿನ ಬುಸ್ ಎಂದು ಹೊಗೆ ಬಿಟ್ಟು ಅದು ನಿಂತಿತು. ದುರಸ್ತಿಗೆ ಅರ್ಜಿ ಬರೆದು ವಿಮಲಾ ಮೇಡಂಗೆ ಕೊಟ್ಟೆ. ವಾರ ಕಳೆಯಿತು, ತಿಂಗಳು ಕಳೆಯಿತು. ರೋಗಿಗಳು ಮಾತ್ರ ಬರುತ್ತಲೇ ಇದ್ದರು, ಬಂದವರನ್ನು ಸುಮ್ಮನೆ ಕಳಿಸುವುದು ಹೇಗೆ? ಬೆಂಚುಗಳನ್ನು ಒಳಗೆ ಎಳೆದು, ಎಂಟು ಹತ್ತು ಜನರನ್ನು ಒಟ್ಟಿಗೆ ಕೂರಿಸಿ ವ್ಯಾಯಾಮ ಹೇಳಿಕೊಡತೊಡಗಿದೆ. ಕಾಲು ನೇರ ಚಾಚಿ ಎತ್ತುವುದು, ಕೈ ಊರದೆ ಬೆಂಚಿನಿಂದ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಮೊದಲ ದಿನ ಒಬ್ಬ ಅಜ್ಜ ಎದ್ದು ಹೋದ. "ದವಾಖಾನಿಗೆ ಬಂದೀನೋ ಗರಡಿ ಮನಿಗೆ ಬಂದೀನೋ?" ಎಂದು ಬಾಗಿಲಲ್ಲಿ ಗೊಣಗಿದ್ದು ಕೇಳಿಸಿತು. ಉಳಿದವರು ಒಬ್ಬರನ್ನೊಬ್ಬರು ನೋಡಿ ನಗುತ್ತಾ ಮಾಡಿದರು. ಎರಡು ತಿಂಗಳಾಗುವಷ್ಟರಲ್ಲಿ, ನಾನು ವರ್ಷಗಟ್ಟಲೆ ಕರೆಂಟ್ ಕೊಟ್ಟು ನೋಡದ ಗುಣ ಕಾಣತೊಡಗಿತು. ಮೆಟ್ಟಿಲು ಹತ್ತಿದೆ ಎಂದು ಒಬ್ಬಳು, ಮೊಮ್ಮಗಳ ಶಾಲೆಯವರೆಗೆ ನಡೆದೆ ಎಂದು ಇನ್ನೊಬ್ಬಳು.

ಬೆರಗಿನಿಂದ ಇದನ್ನು ಹೇಳಲು ಮೇಡಂ ಕೋಣೆಗೆ ಓಡಿದೆ. ಅವರು ಡ್ರಾವರ್ ತೆರೆದರು. ನನ್ನ ಅರ್ಜಿ ಮಡಿಸಿದ ಮಡಿಕೆಯಲ್ಲೇ ಅಲ್ಲಿತ್ತು.

"ಈಗ ಕಳಸೂಣೇನು?" ಎಂದರು. ನಕ್ಕರೋ ಇಲ್ಲವೋ, ಆ ಹೆಂಗಸಿನ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ.

ಯಂತ್ರ ರಿಪೇರಿಯಾಗಿ ಬಂತು. ನೋವು ತುಸು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡುವಷ್ಟಕ್ಕೆ ಅದನ್ನು ಬಳಸಿದೆ.

ಆ ಬೆಂಚಿನ ಬಳಗದಲ್ಲೇ ಕಿನ್ನಾಳದ ವೆಂಕಪ್ಪಜ್ಜ ಇದ್ದ. ಮರದ ಗೊಂಬೆಗೆ ಬಣ್ಣ ಹಾಕುವ ಕೆಲಸ. ಬುದ್ಧಿ ಬಂದಾಗಿನಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನು. ನಾನು ಪುಸ್ತಕದ ಪ್ರಕಾರ, ಇನ್ನು ನೆಲದ ಮೇಲೆ ಕೂರಬೇಡ, ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡು ಎಂದೆ. ಮುಂದಿನ ವಾರ ಒಂದು ಗೊಂಬೆ ತಂದು ಮೇಜಿನ ಮೇಲಿಟ್ಟ. ಗೊಂಬೆಯ ಒಂದು ಕಣ್ಣು ನನ್ನ ಕಡೆ, ಇನ್ನೊಂದು ಕಿಟಕಿಯ ಕಡೆ ನೋಡುತ್ತಿತ್ತು.

"ಕುರ್ಚಿ ಮ್ಯಾಲೆ ಕುಂತು ಬರದದ್ರಿ ಇದು. ಕೈ ನಿಲ್ಲಂಗಿಲ್ಲ."

ಆಮೇಲೆ ನಾನೇ ಕಿನ್ನಾಳಕ್ಕೆ ಹೋಗಿ ಅವನ ಪಕ್ಕ ಅರ್ಧ ದಿನ ಕುಳಿತು ನೋಡಿದೆ. ಒಂದು ಸುತ್ತು ಬಣ್ಣ ಹಚ್ಚುತ್ತಾನೆ, ಒಣಗಲು ಇಡುತ್ತಾನೆ, ಕೂತಲ್ಲಿಂದ ಏಳದೆ ಇನ್ನೊಂದು ಗೊಂಬೆ ಎತ್ತಿಕೊಳ್ಳುತ್ತಾನೆ. ಗೇಣೆತ್ತರದ ಮಣೆ ಮಾಡಿಸಿಕೊಂಡು ಅದರ ಮೇಲೆ ಕೂರಲು, ಒಂದು ಕಾಲನ್ನು ಸರದಿಯಂತೆ ಮುಂದೆ ಚಾಚಲು ಹೇಳಿದೆ. "ಮತ್ತ ಬಣ್ಣ ಒಣಗೂ ತನಕ ಕುಂದ್ರಬ್ಯಾಡ. ಎದ್ದು ಓಣ್ಯಾಗ ಒಂದು ಸುತ್ತು ಹಾಕಿ ಬಾ," ಎಂದೆ. ಅಜ್ಜನಿಗೆ ಇದು ಒಪ್ಪಿಗೆಯಾಯಿತು. ಅವನ ಹೆಂಡತಿಗೆ ಆಗಲಿಲ್ಲ. ಓಣಿಗೆ ಹೋದವನು ಬಣ್ಣ ಒಣಗಿ ಗಂಟೆಯಾದರೂ ಹರಟೆ ಬಿಟ್ಟು ಬರುವುದಿಲ್ಲ ಎಂಬುದು ಅವಳ ದೂರು. ಅದಕ್ಕೆ ನಮ್ಮಲ್ಲಿ ಚಿಕಿತ್ಸೆಯಿಲ್ಲ.

ಇನ್ನೊಂದು ಸಣ್ಣ ವಿಷಯ, ಬಡಿಗೆಯದು. ಬಲಗಾಲು ನೋವಿದ್ದರೆ ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕು. ಎಲ್ಲರೂ ಹಿಡಿಯುವುದು ನೋವಿರುವ ಕಡೆಗೇ. ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಒಮ್ಮೆ ತಡೆಯಲಾರದೆ ಅಪರಿಚಿತ ಹಿರಿಯರೊಬ್ಬರ ಕೈಯಿಂದ ಬಡಿಗೆ ತೆಗೆದು ಇನ್ನೊಂದು ಕೈಗೆ ಕೊಟ್ಟೆ. ಕಳ್ಳನೆಂದು ಕೂಗಿಕೊಂಡರು. ಜನ ಸೇರಿದರು. ಅಷ್ಟೂ ಜನರ ಮುಂದೆ ಕುಂಟಿ ತೋರಿಸಿ ಪಾರಾದೆ. ಮೊದಲು ಕೇಳಿ, ಆಮೇಲೆ ಮುಟ್ಟಿ.

ಇನ್ನು ನನ್ನ ಎರಡನೆಯ ತಪ್ಪು. ಮೊದಲನೆಯದು ಗೊತ್ತಿಲ್ಲದೆ ಮಾಡಿದ್ದು. ಇದು ಗೊತ್ತಿದೆ ಎಂಬ ಸೊಕ್ಕಿನಿಂದ ಮಾಡಿದ್ದು.

ಬುಧವಾರ ಬುಧವಾರ ನಾನು ಕುಷ್ಟಗಿಯ ಆಸ್ಪತ್ರೆಗೆ ಹೋಗುತ್ತಿದ್ದೆ. ಅಲ್ಲಿ ಮೆಹಬೂಬಸಾಬ್ ಎಂಬ ದರ್ಜಿ ನನ್ನ ರೋಗಿ. ಎಪ್ಪತ್ತರ ಹತ್ತಿರದ ವಯಸ್ಸು, ಮೃದು ಮಾತು, ತಾನೇ ಹೊಲಿದ ಬಿಳಿ ಜುಬ್ಬ. ಎರಡೂ ಕಾಲು ಬಿಲ್ಲಿನಂತೆ ಹೊರಬಾಗಿದ್ದವು. ಅಷ್ಟರಲ್ಲಿ ನಾನು ವ್ಯಾಯಾಮದ ಪ್ರಚಾರಕನಾಗಿದ್ದೆ. ಅವರೋ ನನ್ನ ಅತ್ಯುತ್ತಮ ಶಿಷ್ಯ. ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡುತ್ತಿದ್ದರು. ತೂಕ ಇಳಿಸಿದರು. ಪ್ರತಿ ಬುಧವಾರ ನಾನು, "ಹೆಂಗೈತ್ರಿ ಸಾಬ್, ಆರಾಮಲ್ಲ?" ಎಂದು ಕೇಳುವುದು, ಅವರು "ಛಲೋ ಐತ್ರಿ" ಎನ್ನುವುದು. ಹೀಗೆ ಒಂದೂವರೆ ವರ್ಷ ನಡೆಯಿತು.

ಒಂದು ಬುಧವಾರ ವಿಮಲಾ ಮೇಡಂ ಕೂಡ ಕುಷ್ಟಗಿಗೆ ಬಂದಿದ್ದರು. ನನ್ನ ಶಿಷ್ಯನನ್ನು ತೋರಿಸೋಣವೆಂದು ಸಾಬರನ್ನು ಅವರ ಮುಂದೆ ಕರೆದೊಯ್ದೆ. ಮೇಡಂ ನನ್ನಂತೆ ಕೇಳಲಿಲ್ಲ.

"ನಿನ್ನೆ ಎಲ್ಲೆಲ್ಲಿ ಹೋಗಿದ್ರಿ ಸಾಬ್?"

ಮೆಹಬೂಬಸಾಬ್ ನನ್ನ ಮುಖ ನೋಡಿದರು. "ಎಲ್ಲೂ ಇಲ್ರಿ."

"ಮೊನ್ನೆ?"

"ಮನ್ಯಾಗ ಇದ್ನಿರಿ. ಇಲ್ಲಿಗಷ್ಟ ಆಟೋದಾಗ ಬರತೀನ್ರಿ."

"ಮಸೂತಿ ಎಷ್ಟು ದೂರ ನಿಮ್ಮ ಮನಿಗೆ?"

"ಎದುರಿಗೇ ಐತ್ರಿ. ಹೋಗದ ಆರು ತಿಂಗಳಾತ್ರಿ."

ಮಲಗಿದರೂ ನೋವು, ನಿದ್ದೆಯಿಲ್ಲ, ಹೊಲಿಗೆ ಯಂತ್ರದ ಪೆಡಲ್ ತುಳಿಯುವುದನ್ನು ಎಂದೋ ಬಿಟ್ಟಿದ್ದಾರೆ. ಒಂದೊಂದೇ ಹೊರಬಂತು. "ಮತ್ತ ನನಗ ಛಲೋ ಐತಿ ಅಂತಿದ್ರಲ್ಲ ಸಾಬ್?" ಎಂದೆ.

"ನೀವು ಅಷ್ಟು ಆಸೆಯಿಂದ ಕೇಳ್ತಿದ್ರಿ ಸರ," ಎಂದರು ಅವರು, ತಪ್ಪು ತಮ್ಮದೆಂಬಂತೆ. "ಇಲ್ಲ ಅನ್ನಾಕ ಮನಸ್ಸು ಬರಲಿಲ್ರಿ."

ಹೊರಗೆ ಬಂದ ಮೇಲೆ ಮೇಡಂ ಹೇಳಿದರು: "ಇವರನ್ನ ವರ್ಷದ ಹಿಂದ ನನ್ನ ಹತ್ರ ಕಳಸಬೇಕಿತ್ತು. ವ್ಯಾಯಾಮಕ್ಕ ಬಗ್ಗದ ಕಾಲೂ ಇರತಾವ. ಆಪರೇಶನ್ ಅಂದ್ರ ನೀವು ಸೋತಂಗೇನು?" ಇಡೀ ನೌಕರಿಯಲ್ಲಿ ಅವರು ನನಗೆ ಬೈದದ್ದು ಇದೊಂದೇ ಸಲ. ಅಂದಿನಿಂದ 'ಆರಾಮಾ?' ಎಂದು ಕೇಳುವುದನ್ನು ಬಿಟ್ಟೆ. ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ. ಕಾಲು ನಿಜ ಹೇಳುತ್ತದೆ.

ಹುಬ್ಬಳ್ಳಿಯಲ್ಲಿ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಮಾಡಿಸಬಹುದೆಂದು ಮೇಡಂ ತಿಳಿಸಿದರು. ಮೆಹಬೂಬಸಾಬ್ ಒಂದೇ ಪ್ರಶ್ನೆ ಕೇಳಿದರು, ಅದೂ ಮೇಡಂ ಹೋದ ಮೇಲೆ, ನನ್ನೊಬ್ಬನ ಹತ್ತಿರ.

"ಆಮ್ಯಾಲೆ ಸಜ್ದಾ ಮಾಡಾಕ ಬರತೈತೇನ್ರಿ?"

ನಮಾಜಿನಲ್ಲಿ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚುವುದದು. ಬರುತ್ತದೆ ಎಂದುಬಿಡಬೇಕೆಂದು ಬಾಯಿ ತುರಿಸಿತು. ಆದರೆ ಆ ದಿನ ಬೆಳಿಗ್ಗೆಯಷ್ಟೇ ನಾವಿಬ್ಬರೂ ಸುಳ್ಳಿಗೆ ಎಷ್ಟು ತೆತ್ತೆವೆಂದು ನೋಡಿದ್ದೆ.

"ಹೇಳಾಕ ಬರಂಗಿಲ್ಲ ಸಾಬ್. ಬಹಳ ಮಾಡಿ ಕುರ್ಚಿ ಮ್ಯಾಲೆ ಕುಂತೇ ನಮಾಜ್ ಮಾಡಬೇಕಾಗತೈತಿ. ಹೊಸಾ ಕೀಲಿನ ಮ್ಯಾಲೆ ಮೊಣಕಾಲೂರಾಕ ಡಾಕ್ಟರ್ ಬ್ಯಾಡ ಅಂತಾರ."

ಅವರು ತಲೆ ಆಡಿಸಿದರು. "ನಮ್ಮ ಮಸೂತ್ಯಾಗ ಯಾರೂ ಕುರ್ಚಿ ಹಾಕಂಗಿಲ್ರಿ. ದೇವರ ಮುಂದ ಕುರ್ಚಿ ಹಾಕ್ಕೊಂಡು ಕುಂದ್ರಾಕ ನಾ ಏನ್ ತಹಶೀಲ್ದಾರನೇನ್ರಿ?" ಎಂದು ನಕ್ಕರು. ನಗು ಬೇಗ ಆರಿತು. ಜನ ಏನೆನ್ನುತ್ತಾರೋ ಎಂಬ ಅಂಜಿಕೆಗೇ ಅವರು ಆರು ತಿಂಗಳು ಎದುರಿನ ಮಸೀದಿಗೆ ಹೋಗದೆ ಕಿಟಕಿಯಲ್ಲಿ ಕುಳಿತು ಬಾಂಗು ಕೇಳಿದ್ದರು.

ಎರಡು ವಾರ ಯೋಚಿಸಿ ಒಪ್ಪಿದರು. ಮೊದಲು ಬಲಗಾಲು, ಕೆಲವು ತಿಂಗಳ ಮೇಲೆ ಎಡಗಾಲು. ಒಂದೂವರೆ ವರ್ಷ ಮಾಡಿದ್ದ ವ್ಯಾಯಾಮ ಆಗ ಕೈ ಹಿಡಿಯಿತು. ತೊಡೆ ಗಟ್ಟಿ ಇದ್ದುದರಿಂದ ಬೇಗ ಎದ್ದು ನಿಂತರು. ನೇರವಾದ ಕಾಲುಗಳಿಂದ ಎರಡು ಬೆರಳು ಎತ್ತರವಾಗಿದ್ದೇನೆಂದು ತಮ್ಮ ಪಾಯಜಾಮಗಳನ್ನೆಲ್ಲ ತಾವೇ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಂಡರು. ಎಲ್ಲ ಸರಿ, ಮಸೀದಿಗೆ ಮಾತ್ರ ಹೋಗಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅದು ನನ್ನ ಇಲಾಖೆಯಲ್ಲ.

ನಿವೃತ್ತಿಗೆ ಕೆಲವು ವಾರಗಳಿದ್ದಾಗ, ಕುಷ್ಟಗಿಯ ನನ್ನ ಕೊನೆಯ ಬುಧವಾರ, ಅವರು ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಬಡಿಗೆಯಿಲ್ಲ. ಮುಖದಲ್ಲಿ ಸಿಟ್ಟು. ಆ ಮೃದು ಮನುಷ್ಯ ಸಿಟ್ಟಾದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಏನಾತ್ರಿ ಸಾಬ್?"

"ಹೋದ ತಿಂಗಳು ಶುಕ್ರವಾರ ಧೈರ್ಯ ಮಾಡಿ ಮಸೂತಿಗೆ ಹೋದ್ನಿರಿ. ಅಂಗಡಿ ಕುರ್ಚಿ ಹೊತ್ತುಕೊಂಡು. ಹಿಂದಿನ ಸಾಲಿನ ಮೂಲ್ಯಾಗ ಹಾಕ್ಕೊಂಡು ಕುಂತ್ನಿ. ಯಾರೂ ಏನೂ ಅನ್ನಲಿಲ್ಲ."

"ಛಲೋ ಆತಲ್ರಿ."

"ಮುಂದಿನ ಶುಕ್ರವಾರ ಖಾಸೀಮಸಾಬ್ ಒಂದು ಕುರ್ಚಿ ತಂದ್ರು. ಎರಡು ವರ್ಷ ಆಗಿತ್ರಿ ಅವರನ್ನ ನೋಡಿ, ಊರಾಗ ಇಲ್ಲ ಅಂತ ತಿಳಕೊಂಡಿದ್ನಿ. ಮನ್ಯಾಗೇ ಇದ್ರಂತ, ಮೊಣಕಾಲು ಹಿಡಕೊಂಡು. ಆಮ್ಯಾಲೆ ಇನ್ನಿಬ್ಬರು. ಮೊನ್ನೆ ಶುಕ್ರವಾರಕ್ಕ ಏಳು ಕುರ್ಚಿ ಆಗ್ಯಾವ್ರಿ, ಒಂದು ಪೂರಾ ಸಾಲು."

"ಮತ್ತ ಸಿಟ್ಟು ಯಾಕ್ರಿ?"

ಮೆಹಬೂಬಸಾಬ್ ನನ್ನ ಎದುರಿನ ಬೆಂಚಿನ ಮೇಲೆ ಕುಳಿತರು. ಕೈ ಊರದೆ ಕುಳಿತರು, ಹೇಳಿಕೊಟ್ಟ ಹಾಗೆಯೇ.

"ಸಿಟ್ಟಲ್ರಿ ಮತ್ತೇನು? ಒಂದೈದು ನಿಮಿಷ ತಡ ಆದ್ರ ಸಾಕು, ನನ್ನ ಕುರ್ಚಿ ಮ್ಯಾಲೆ ಯಾರರೆ ಕುಂತಿರ್ತಾರ್ರಿ!"